ವಯಸ್ಕರಿಗೆ ಪುಕ್ಕಟೆ ಪಾಠ: ಎಲ್ಲಿ ಹುಡುಕಬೇಕು, ಹೇಗೆ ಆರಿಸಬೇಕು?



"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ನಮ್ಮಲ್ಲೊಂದು ಗಾದೆಯುಂಟು. ಓದಿನ ಮಾತು ಬಂದಾಗಲೆಲ್ಲ ನಲವತ್ತು ದಾಟಿದವರು ಈ ಗಾದೆಯನ್ನೇ ಮುಂದೆ ಹಿಡಿಯುತ್ತಾರೆ. "ಅಯ್ಯೋ, ಇನ್ನೇನು ಓದೋದು ಬಿಡಿ ಸ್ವಾಮಿ, ನಮ್ಮ ಕಾಲ ಮುಗೀತು" ಎನ್ನುತ್ತಾರೆ. ಆದರೆ ಇದೇ ಜನ ಹಳೆಯ ನಾಟಿ ಮಾವಿನ ಮರದ ಕೊಂಬೆ ಕಡಿದು, ಹೊಸದಾಗಿ ಬಂದ ಚಿಗುರಿಗೆ ಬಾದಾಮಿಯನ್ನೋ ಮಲ್ಲಿಕಾವನ್ನೋ ಕಸಿ ಕಟ್ಟಿ ಒಳ್ಳೆಯ ಹಣ್ಣು ಕೀಳುವುದನ್ನು ಕಂಡಿದ್ದೇವೆ. ಮರಕ್ಕೆ ವಯಸ್ಸಾದರೇನಂತೆ, ಬೇರು ಆಳಕ್ಕೆ ಇಳಿದಿರುತ್ತದೆ. ವಯಸ್ಕರ ಅನುಭವವೂ ಅಂಥ ಬೇರೇ. ಕಲಿಕೆಯನ್ನು ಅದಕ್ಕೆ ಕಸಿ ಕಟ್ಟಬೇಕು, ಅಷ್ಟೇ.

ಮನೆಯಲ್ಲೇ ಕುಳಿತು, ಕೈಯಲ್ಲಿರುವ ಫೋನಿನ ಮೂಲಕ, ಶುಲ್ಕ ಕೊಡದೆ ಕಲಿಯಬಹುದಾದ ಪಾಠಗಳ ವಿಷಯವಾಗಿ ಈ ದಿನ ನಾಲ್ಕು ಮಾತು ಹೇಳುತ್ತೇನೆ. ಆನ್‌ಲೈನ್ ಕೋರ್ಸ್ ಎಂದು ನಮ್ಮ ಹುಡುಗರು ಹೇಳುತ್ತಾರಲ್ಲ, ಅವೇ ಇವು. ಇವಕ್ಕೆ ಬರವೇನೂ ಇಲ್ಲ. ಬೀಜದ ಅಂಗಡಿಯ ತುಂಬ ಚೀಲಗಳಿರುತ್ತವೆ. ಆದರೆ ಯಾವ ಬೀಜ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗೀತು ಎಂದು ತಿಳಿಯದೆ ಕೊಂಡು ತಂದರೆ ಫಲವೇನು? ಪಾಠದ ವಿಷಯದಲ್ಲೂ ಹಾಗೆಯೇ. ಆದುದರಿಂದ ಹುಡುಕುವುದಕ್ಕೆ ಮೊದಲು, "ನನಗೆ ಇದು ಯಾತಕ್ಕೆ ಬೇಕು?" ಎಂದು ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ. ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಬರುತ್ತದೆ.

ಮೊದಲನೆಯ ಬಗೆಯವರು ಅರ್ಧಕ್ಕೆ ಶಾಲೆ ಬಿಟ್ಟವರು. ಆರನೆಯದೋ ಏಳನೆಯದೋ ಓದುವಾಗ ಬಿಡಿಸಿ ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಇಂದು ಅವರೇ ಸ್ವಸಹಾಯ ಸಂಘದ ಸದಸ್ಯರು. ಆದರೆ ಲೆಕ್ಕದ ಪುಸ್ತಕ ಬೇರೆಯವರ ಕೈಯಲ್ಲಿರುತ್ತದೆ. "ನೂರಕ್ಕೆ ಎರಡು ರೂಪಾಯಿ ಬಡ್ಡಿ, ಏನು ಮಹಾ?" ಎಂದು ಸಾಲ ಕೊಡುವವನು ಹೇಳಿದರೆ ತಲೆದೂಗುತ್ತಾರೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ 24 ಆಯಿತು! ಶೇಕಡಾ ಲೆಕ್ಕದ ಒಂದು ಪಾಠ ಸರಿಯಾಗಿ ತಿಳಿದರೆ ಇದು ಕಣ್ಣಿಗೆ ಬೀಳುತ್ತದೆ. ಔಷಧಿ ಸಿಂಪಡಿಸುವಾಗಲೂ ಅಷ್ಟೆ. ಲೀಟರಿಗೆ 2 ಮಿಲಿಲೀಟರ್ ಎಂದರೆ 15 ಲೀಟರಿನ ಕ್ಯಾನಿಗೆ 30 ಮಿಲಿಲೀಟರ್. ಈ ಗುಣಾಕಾರ ಬಾರದೆ ಅಂದಾಜಿನಲ್ಲಿ ಮುಚ್ಚಳದಿಂದ ಸುರಿದು ಬೆಳೆ ಸುಟ್ಟುಕೊಂಡವರು ಕಡಮೆಯೇ?

ಇಂಥವರಿಗೆ ದೊಡ್ಡ ಹೆಸರಿನ ಕೋರ್ಸು ಬೇಡ. ಶಾಲೆಯ ಪಾಠವೇ ಸಾಕು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ' ಎಂಬ ವ್ಯವಸ್ಥೆಯಿದೆ. ನಿಮ್ಮ ಮಕ್ಕಳ ಪಠ್ಯಪುಸ್ತಕ ತೆರೆದು ನೋಡಿ. ಚೌಕಾಕಾರದಲ್ಲಿ ಕಪ್ಪು ಚುಕ್ಕೆಗಳ ಒಂದು ಗುರುತು ಇರುತ್ತದೆ. ಕ್ಯೂಆರ್ ಕೋಡ್ ಎನ್ನುವುದು ಅದಕ್ಕೇ. ದೀಕ್ಷಾ ಆ್ಯಪಿನಿಂದ ಅದರ ಮೇಲೆ ಫೋನು ಹಿಡಿದರೆ ಆ ಪಾಠಕ್ಕೆ ಸಂಬಂಧಪಟ್ಟ ಚಿತ್ರ, ವಿವರಣೆ ಕನ್ನಡದಲ್ಲೇ ತೆರೆದುಕೊಳ್ಳುತ್ತದೆ. ಗಣಿತವನ್ನು ಮೊದಲಿನಿಂದ ಕಲಿಯಬೇಕೆನ್ನುವವರಿಗೆ 'ಖಾನ್ ಅಕಾಡೆಮಿ' ಎಂಬ ಸೇವಾಸಂಸ್ಥೆಯ ಪಾಠಗಳೂ ಕನ್ನಡದಲ್ಲಿವೆ. ಇದಕ್ಕೂ ಹಣವಿಲ್ಲ. ಮಗಳು ಓದುವಾಗ ತಾಯಿಯೂ ಪಕ್ಕದಲ್ಲಿ ಕುಳಿತರಾಯಿತು, ನಾಚಿಕೆಪಡುವ ಕಾರಣವಿಲ್ಲ. ಮುಂದೆ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ಕಟ್ಟಬೇಕೆಂಬ ಮನಸ್ಸಾದರೆ ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ಕ್ರಮವನ್ನು ವಿಚಾರಿಸಿ. ಆ ಪರೀಕ್ಷೆಗೆ ಶುಲ್ಕವುಂಟು, ಪಾಠಕ್ಕಿಲ್ಲ.

ಎರಡನೆಯ ಬಗೆಯವರು ಕಸುಬಿನ ತಿಳಿವಳಿಕೆ ಬಯಸುವವರು. ಜೇನು ಸಾಕಬೇಕು, ಕೋಳಿ ಸಾಕಬೇಕು, ಹಣ್ಣಿನಿಂದ ರಸ, ಹಪ್ಪಳ ಮಾಡಿ ಮಾರಬೇಕು ಎನ್ನುವವರು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ತನ್ನ ಪಾಠಪುಸ್ತಕಗಳನ್ನು 'ಇ-ಜ್ಞಾನಕೋಶ' ಎಂಬಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಜೇನು ಸಾಕಣೆ, ಕೋಳಿ ಸಾಕಣೆ, ರೇಷ್ಮೆ, ಸಾವಯವ ಕೃಷಿ ಇವೆಲ್ಲ ಅಲ್ಲಿವೆ. ಆದರೆ ಹೆಚ್ಚಿನವು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಇನ್ನು ಖರಗಪುರದ ಐಐಟಿಯ ಪ್ರಾಧ್ಯಾಪಕರು ಸಾವಯವ ಕೃಷಿಯ ಬಗ್ಗೆಯೂ, ಹಣ್ಣು, ತರಕಾರಿ, ಸಂಬಾರ ಪದಾರ್ಥಗಳ ಕೊಯ್ಲೋತ್ತರ ಸಂಸ್ಕರಣೆಯ ಬಗ್ಗೆಯೂ ವಾರಗಟ್ಟಲೆಯ ಪಾಠಮಾಲೆಗಳನ್ನು ಕೊಟ್ಟಿದ್ದಾರೆ.

ಇಲ್ಲೊಂದು ಎಚ್ಚರಿಕೆ. ಖರಗಪುರದ ಮಣ್ಣು ಬೇರೆ, ಕೋಲಾರದ ಕೆಂಪು ಮಣ್ಣು ಬೇರೆ, ವಿಜಯಪುರದ ಎರೆ ಮಣ್ಣು ಬೇರೆ. ಇಂಥ ಪಾಠಗಳಿಂದ ತತ್ತ್ವವನ್ನು ಕಲಿಯಿರಿ. ಬೇರಿನ ಗಂಟುಗಳಲ್ಲಿ ಸಾರಜನಕ ಹೇಗೆ ಸೇರುತ್ತದೆ, ತೇವಾಂಶ ಹೆಚ್ಚಿದ್ದರೆ ಕಾಳು ಏಕೆ ಬೂಷ್ಟು ಹಿಡಿಯುತ್ತದೆ ಎಂಬುದು ಎಲ್ಲೆಡೆ ಒಂದೇ. ಎಕರೆಗೆ ಎಷ್ಟು ಗೊಬ್ಬರ, ಯಾವ ತಳಿ, ಯಾವ ಔಷಧಿ ಎಂಬುದನ್ನು ಮಾತ್ರ ನಿಮ್ಮ ಭಾಗದ ಕೃಷಿ ವಿಶ್ವವಿದ್ಯಾಲಯದ ಕೈಪಿಡಿಯಿಂದ, ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದ, ಇಲ್ಲವೆ ಕೃಷಿ ವಿಜ್ಞಾನ ಕೇಂದ್ರದಿಂದ ತಿಳಿಯತಕ್ಕದ್ದು. ಕೂಡಲೇ ಸಂದೇಹ ಪರಿಹಾರವಾಗಬೇಕಾದರೆ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ, ಕರೆಮಾಡಿ ಕನ್ನಡದಲ್ಲೇ ಕೇಳಬಹುದು. ಕರೆಗೆ ಕಾಸಿಲ್ಲ.

ಮೂರನೆಯ ಬಗೆಯವರಿಗೆ ಕಲಿಕೆಯ ಜತೆಗೆ ಪ್ರಮಾಣಪತ್ರವೂ ಬೇಕು. ಡಿಪ್ಲೊಮಾ ಮುಗಿಸಿ ಊರಿಗೆ ಮರಳಿದ ತರುಣರು, ಉತ್ಪಾದಕರ ಸಂಘದಲ್ಲಿ ಕೆಲಸಕ್ಕಿರುವವರು, ಇಂಥವರು. ಅವರಿಗೆ 'ಸ್ವಯಂ' ಎಂಬ ಸರ್ಕಾರಿ ವೇದಿಕೆಯಿದೆ. 2017ರ ಜುಲೈ 9ರಂದು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಇದನ್ನು ಉದ್ಘಾಟಿಸಿದರು. ಐಐಟಿಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ 'ಎನ್‌ಪಿಟಿಇಎಲ್' ಪಾಠಗಳೂ, ಬೆಂಗಳೂರಿನ ಐಐಎಂ ಕೊಡುವ ವ್ಯಾಪಾರ, ಲೆಕ್ಕಪತ್ರದ ಪಾಠಗಳೂ ಇದರಲ್ಲಿ ಸಿಗುತ್ತವೆ. ವರ್ಷಕ್ಕೆ ಮುಖ್ಯವಾಗಿ ಎರಡು ಹಂಗಾಮು, ಜನವರಿಯದೊಂದು, ಜುಲೈಯದೊಂದು. ನಮ್ಮ ಮುಂಗಾರು ಹಿಂಗಾರು ಇದ್ದ ಹಾಗೆ. ಹೆಸರು ನೋಂದಾಯಿಸುವ ಗಡುವು ದಾಟಿದರೆ ಮುಂದಿನ ಹಂಗಾಮಿಗೆ ಕಾಯಬೇಕಾಗುತ್ತದೆ.

ಇಲ್ಲಿ 'ಪುಕ್ಕಟೆ' ಎಂಬ ಮಾತಿನ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಹೆಸರು ಬರೆಸುವುದು, ಪಾಠ ನೋಡುವುದು, ವಾರದ ಅಭ್ಯಾಸಗಳನ್ನು ಬರೆಯುವುದು, ಇವೆಲ್ಲ ಪುಕ್ಕಟೆ. ಪ್ರಮಾಣಪತ್ರ ಬೇಕಾದರೆ ಗೊತ್ತಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು, ಅದಕ್ಕೆ ಶುಲ್ಕವಿದೆ. ಎನ್‌ಪಿಟಿಇಎಲ್ ಕ್ರಮದಲ್ಲಿ ನೂರು ಅಂಕಕ್ಕೆ ವಾರದ ಅಭ್ಯಾಸದಿಂದ 25, ಪರೀಕ್ಷೆಯಿಂದ 75 ಎಂದು ಹಂಚಿಕೆ. ಶುಲ್ಕವೆಷ್ಟು ಎಂಬುದನ್ನು ಆಯಾ ಹಂಗಾಮಿನ ಪ್ರಕಟಣೆಯಲ್ಲಿ ನೋಡಿಕೊಂಡೇ ಮುಂದುವರಿಯಿರಿ. ಪರೀಕ್ಷೆ ಬೇಡವೆಂದರೆ ಒಂದು ಕಾಸೂ ಇಲ್ಲದೆ ಪಾಠವಿಡೀ ಕಲಿಯಬಹುದು. ಜೇನುಪೆಟ್ಟಿಗೆಯ ಮುಂದೆ ನಿಂತಾಗ ಜೇನು ನಿಮ್ಮ ಪ್ರಮಾಣಪತ್ರ ಕೇಳುವುದಿಲ್ಲ!

ಹಣದ ಮಾತು ಬಂದಿತು, ಮೋಸದ ಮಾತನ್ನೂ ಹೇಳಿಬಿಡುತ್ತೇನೆ. "ಸರ್ಕಾರಿ ಉಚಿತ ಕೋರ್ಸ್, ಕೆಲಸ ಗ್ಯಾರಂಟಿ, ನೋಂದಣಿಗೆ 500 ರೂಪಾಯಿ ಮಾತ್ರ" ಎಂದು ವಾಟ್ಸಾಪಿನಲ್ಲಿ ಸಂದೇಶ ಬರುವುದುಂಟು. ಉಚಿತವೆಂದ ಮೇಲೆ ನೋಂದಣಿಗೆ ಹಣವೇಕೆ? ಅಲ್ಲೇ ಸಂಶಯಪಡಿ. ಗುರುತಿಸುವ ಉಪಾಯ ಹೇಳುತ್ತೇನೆ, ಬರೆದುಕೊಳ್ಳಿ. ಸ್ವಯಂನ ವಿಳಾಸ 'ಸ್ವಯಂ ಡಾಟ್ ಗವ್ ಡಾಟ್ ಇನ್'. ದೀಕ್ಷಾದ್ದೂ 'ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ. ಈ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವಂಥದು. ಎನ್‌ಪಿಟಿಇಎಲ್‌ನದು 'ಎಸಿ ಡಾಟ್ ಇನ್' ಎಂದು ಮುಗಿಯುತ್ತದೆ, ಅದು ವಿದ್ಯಾಸಂಸ್ಥೆಗಳದು. ದನ ಕೊಳ್ಳುವಾಗ ಹಲ್ಲು ನೋಡುವಂತೆ ವಿಳಾಸದ ಬಾಲ ನೋಡಿ. ಫೋನಿಗೆ ಬರುವ ಓಟಿಪಿ ಸಂಖ್ಯೆಯನ್ನು ಕರೆಮಾಡಿ ಕೇಳಿದವರಿಗೆ ಹೇಳಬೇಡಿ. ಅಪರಿಚಿತರು ಕಳಿಸಿದ ಕಡತವನ್ನು ಒತ್ತಬೇಡಿ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

"ಇಂಟರ್‌ನೆಟ್ಟೇ ಸರಿಯಾಗಿ ಸಿಗದ ಊರಿನವರು ಏನು ಮಾಡೋಣ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಚಿತ್ರದ ಗುಣಮಟ್ಟವನ್ನು ಕೆಳಗಿಳಿಸಿಕೊಂಡರೆ ಅದೇ ಪಾಠಕ್ಕೆ ಬಹಳ ಕಡಮೆ ಡೇಟಾ ಸಾಕು. ಪಾಠದಲ್ಲಿ ಮುಖ್ಯವಾದುದು ಮಾತು, ಮೇಷ್ಟರ ಮುಖವಲ್ಲ. ಪೇಟೆಗೆ ಹೋದ ದಿನ ಎನ್‌ಪಿಟಿಇಎಲ್ ಪಾಠಗಳನ್ನು ಇಳಿಸಿಟ್ಟುಕೊಂಡು ಊರಿನಲ್ಲಿ ನಿಧಾನವಾಗಿ ನೋಡಬಹುದು. ಟಿವಿ ಇದ್ದವರಿಗೆ 'ಸ್ವಯಂಪ್ರಭಾ' ಎಂಬ ಪಾಠದ ವಾಹಿನಿಗಳಿವೆ, ಅವಕ್ಕೆ ಇಂಟರ್‌ನೆಟ್ಟೇ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಹಲವು ಕಡೆ ಗಣಕಯಂತ್ರವನ್ನೂ ಇಟ್ಟಿದ್ದಾರೆ. ನಿಮ್ಮ ಊರಿನಲ್ಲಿದ್ದರೆ ಅದು ನಿಮ್ಮದೇ, ಕೇಳಿ ಬಳಸಿರಿ.

ಭಾಷೆಯ ತೊಡಕನ್ನು ನಾನು ಮುಚ್ಚಿಡುವುದಿಲ್ಲ. ಮೇಲ್ಮಟ್ಟದ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕೆಲವು ಎನ್‌ಪಿಟಿಇಎಲ್ ಪಾಠಗಳ ಬರೆಹರೂಪ ಕನ್ನಡಕ್ಕೆ ಅನುವಾದವಾಗಿದೆ. ಹುಡುಕುವಾಗ ಆ ಸೌಲಭ್ಯವಿದೆಯೇ ಎಂದು ನೋಡಿ. ಇಲ್ಲದಿದ್ದರೆ ಇಂಗ್ಲಿಷ್ ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜತೆಗೆ ಸೇರಿಸಿಕೊಳ್ಳಬೇಕು. ಇದರಿಂದಲೇ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ: ಒಬ್ಬೊಬ್ಬರೇ ಕಲಿಯಬೇಡಿ, ಗುಂಪಾಗಿ ಕಲಿಯಿರಿ.

ಇದು ಬರೀ ಉಪದೇಶವಲ್ಲ, ಪರೀಕ್ಷಿಸಿ ನೋಡಿದ ಸಂಗತಿ. 1956ರಲ್ಲಿ ಆಕಾಶವಾಣಿಯು ಯುನೆಸ್ಕೊ ನೆರವಿನಿಂದ ಪುಣೆ ಕೇಂದ್ರದ ಮೂಲಕ ಒಂದು ಪ್ರಯೋಗ ನಡೆಸಿತು. ಆಗಿನ ಮುಂಬಯಿ ರಾಜ್ಯದ ಮರಾಠಿ ಮಾತಿನ ಐದು ಜಿಲ್ಲೆಗಳಲ್ಲಿ, ನಮ್ಮ ಬೆಳಗಾವಿಗೆ ಅಂಟಿಕೊಂಡಿರುವ ಕೊಲ್ಲಾಪುರವೂ ಸೇರಿ, ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಕಟ್ಟಿದರು. ವಾರಕ್ಕೆರಡರಂತೆ ಒಟ್ಟು 20 ಕಾರ್ಯಕ್ರಮ. ರೈತರು ಒಟ್ಟಿಗೆ ಕೇಳಬೇಕು, ಕೇಳಿದ ಮೇಲೆ ಚರ್ಚಿಸಬೇಕು, ಒಪ್ಪಿದ್ದನ್ನು ಮಾಡಿ ನೋಡಬೇಕು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಇದರ ಫಲವನ್ನು ಅಳೆದರು. ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಹೆಚ್ಚಿತ್ತು. ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳಲ್ಲಿ ಹೆಚ್ಚಳ ಅತ್ಯಲ್ಪ. ಎಂದ ಮೇಲೆ ಕಲಿಸಿದ್ದು ಬರೀ ಪೆಟ್ಟಿಗೆಯಲ್ಲ, ಅದರ ಸುತ್ತ ಕುಳಿತು ಆಡಿದ ಮಾತು. ಅಂದಿನ ರೇಡಿಯೋಕ್ಕೆ ನಿಜವಾದದ್ದು ಇಂದಿನ ಫೋನಿಗೂ ನಿಜ. ಕೋರ್ಸಿಗೆ ಹೆಸರು ಬರೆಸಿ ಎರಡನೆಯ ವಾರಕ್ಕೇ ಬಿಟ್ಟುಬಿಡುವವರು ಎಲ್ಲ ಕಡೆಯೂ ಇದ್ದಾರೆ. ಅವರಿಗೆ ಬುದ್ಧಿಯಿಲ್ಲವೆಂದಲ್ಲ. "ಯಾಕಪ್ಪಾ, ಈ ವಾರ ಬರಲಿಲ್ಲ?" ಎಂದು ಕೇಳುವವರಿಲ್ಲ, ಅಷ್ಟೇ.

ಆದುದರಿಂದ ಹೀಗೆ ಮಾಡಿ. ಐದಾರು ಜನ ಸೇರಿ. ಹಾಲಿನ ಡೇರಿಯ ಹತ್ತಿರವೋ, ಅರಿವು ಕೇಂದ್ರದಲ್ಲೋ ಕೂಡಿ, ಎಲ್ಲರಿಗೂ ಬೇಕಾದ ಒಂದೇ ವಿಷಯ ಆರಿಸಿ. ಮೊದಲ ಸಲ ನಾಲ್ಕು ವಾರದ್ದೋ ಎಂಟು ವಾರದ್ದೋ ಸಾಕು, ಹನ್ನೆರಡು ವಾರದ್ದು ಬೇಡ. ಪೂರ್ತಿ ಒಪ್ಪಿಕೊಳ್ಳುವ ಮೊದಲು ಒಂದು ಪಾಠ ನೋಡಿ. ಮಾತು ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಬಿಟ್ಟು ಬೇರೆ ಹುಡುಕಿ. ವಾರದಲ್ಲಿ ಎರಡು ಸಂಜೆ ಗೊತ್ತುಮಾಡಿ. ನಾಟಿ, ಕೊಯ್ಲಿನ ದಿನಗಳನ್ನು ತಪ್ಪಿಸಿ ಆರಂಭಿಸಿ. ಹೆಂಗಸರ ಗುಂಪಾದರೆ ಅಡಿಗೆ ಹೊತ್ತನ್ನು ತಪ್ಪಿಸಿ, ಮನೆಯ ಗಂಡಸರು ಆ ಎರಡು ಸಂಜೆ ಫೋನನ್ನು ಬಿಟ್ಟುಕೊಡತಕ್ಕದ್ದು. ಪ್ರತಿ ಪಾಠದ ಕೊನೆಗೆ, "ಇದರಲ್ಲಿ ನಮ್ಮ ಹೊಲಕ್ಕೆ, ನಮ್ಮ ಮನೆಗೆ ಆಗಿಬರುವುದು ಏನು?" ಎಂದು ಒಂದು ಸಾಲು ಬರೆದಿಡಿ. ತಿಳಿಯದ್ದನ್ನು ಪಟ್ಟಿಮಾಡಿ, ಮುಂದಿನ ಸಲ ರೈತ ಸಂಪರ್ಕ ಕೇಂದ್ರಕ್ಕೆ ಬಂದಾಗ ನನ್ನಂಥ ಅಧಿಕಾರಿಗಳ ಮುಂದಿಡಿ. ಉತ್ತರ ಹೇಳುವುದು ನಮ್ಮ ಕರ್ತವ್ಯ.

ಬೀಜಕ್ಕೆ ಬೆಲೆಯಿದೆ, ಗೊಬ್ಬರಕ್ಕೆ ಬೆಲೆಯಿದೆ, ಆಳಿನ ಕೂಲಿ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಬೆಲೆಯಿಲ್ಲದೆ ಸಿಗುತ್ತಿರುವುದು ಈ ಪಾಠಗಳೊಂದೇ. ಪುಕ್ಕಟೆಯೆಂದು ಉದಾಸೀನ ಮಾಡದೆ, ಈ ವಾರವೇ ನಿಮ್ಮ ಐದು ಜನರನ್ನು ಗೊತ್ತುಮಾಡಿಕೊಳ್ಳಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.