ಮನೆಯಂಗಳದ ಸೂರ್ಯಕಾಂತಿ

ಹೂಗಿಡಗಳಲ್ಲಿ ಕೆಲವು ಮುಡಿಗೆ, ಕೆಲವು ದೇವರ ಪೂಜೆಗೆ, ಕೆಲವು ಬರಿಯ ಕಣ್ಣಿನ ಸಂತೋಷಕ್ಕೆ. ಸೂರ್ಯಕಾಂತಿಯಾದರೋ ಕಣ್ಣಿಗೂ ಒದಗುತ್ತದೆ, ಬಾಣಲೆಗೂ ಒದಗುತ್ತದೆ. ಆದ್ದರಿಂದಲೇ ಅದನ್ನು ಅಂಗಳದಲ್ಲಿ ಬೆಳೆಸಿದವರಿಗೆ ನಿರಾಶೆಯೂ ಎರಡು ಬಗೆಯಾಗಿ ಬರುತ್ತದೆ. ಗಿಡ ಆಳೆತ್ತರ ಬೆಳೆಯಿತು, ಹೂವು ಊಟದ ತಟ್ಟೆಯಷ್ಟು ಅಗಲವಾಯಿತು. ಒಣಗಿಸಿ ಬಡಿದು ನೋಡಿದರೆ ಕಾಳೆಲ್ಲ ಜೊಳ್ಳು! ಶಿವಮೊಗ್ಗ, ಭದ್ರಾವತಿ, ಆಯನೂರಿನ ಕಡೆಯ ಕೈತೋಟಗಳಲ್ಲಿ ಹೀಗಾಗಲು ಕಾರಣವೇನು, ಅದನ್ನು ತಪ್ಪಿಸುವುದು ಹೇಗೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಕಾಳಿಗಾಗಿ ಬೆಳೆಯುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಯೂರೋಪಿನ ತೋಟಗಳಿಗೆ ಅಲಂಕಾರದ ಹೂವಾಗಿ ಬಂದ ಈ ಗಿಡ, ಮುಂದೆ ರಷ್ಯದಲ್ಲಿ ಎಣ್ಣೆಯ ಬೆಳೆಯಾಯಿತು. ನಮ್ಮ ದೇಶದಲ್ಲಿ ಅಡುಗೆ ಎಣ್ಣೆಗೆ ಕೊರತೆ ಇದ್ದ ಕಾಲದಲ್ಲಿ, 1969ರಲ್ಲಿ, ಸೋವಿಯತ್ ಒಕ್ಕೂಟದಿಂದ ಎಣ್ಣೆಯ ತಳಿಗಳನ್ನು ತರಿಸಲಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬಿ.ಎಸ್.ಎಚ್.-1 ಎಂಬ ಸಂಕರಣ ತಳಿಯನ್ನು ರೈತರ ಕೈಗೆ ಕೊಟ್ಟಿತು. ದೇಶದ ಮೊದಲ ಸೂರ್ಯಕಾಂತಿ ಸಂಕರಣ ಅದೇ. ಉತ್ತರ ಕರ್ನಾಟಕದ ಕಪ್ಪು ನೆಲದಲ್ಲಿ ಇದು ಸೂರ್ಯಪಾನವೆಂಬ ಚೆಲುವಾದ ಹೆಸರನ್ನು ಪಡೆದು ಹೊಲ ತುಂಬಿತು.

ಆಯನೂರು ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗಿನಲ್ಲಿದೆ. ಇಲ್ಲಿನ ಬೇಸಾಯಕ್ಕೆ ಮಳೆಯೇ ಹಿರಿಯ. ಆದರೆ ಸೂರ್ಯಕಾಂತಿಗೆ ಆಷಾಢ ಶ್ರಾವಣಗಳ ಜಡಿಮಳೆ ಒಗ್ಗುವುದಿಲ್ಲ. ಬೇರಿನಲ್ಲಿ ನೀರು ನಿಂತರೆ ಗಿಡ ಹಳದಿಯಾಗುತ್ತದೆ. ಎಲೆಗಳಿಗೆ ಕಂದು ಚುಕ್ಕೆಯ ರೋಗ ತಗಲುತ್ತದೆ. ಅರಳಿದ ಹೂವಿನಲ್ಲಿ ನೀರಿಳಿದು ತೆನೆಯೇ ಕೊಳೆಯುತ್ತದೆ. ಆದ್ದರಿಂದ ಮಳೆಯ ಜೋರು ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ, ಇಲ್ಲವೇ ಬಾವಿಯಲ್ಲಿ ನೀರಿದ್ದರೆ ಜನವರಿಯಲ್ಲಿ ಬಿತ್ತುವುದು ಲೇಸು. ತೆಂಗು ಅಡಿಕೆಯ ನೆರಳು ಆಗದು. ದಿನಕ್ಕೆ ಕಡಿಮೆಯೆಂದರೆ ಆರು ಗಂಟೆಯ ನೇರ ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು.

ನಮ್ಮ ಕಡೆಯ ಕೆಂಪು ಮಣ್ಣು ಬಹುಮಟ್ಟಿಗೆ ಹುಳಿ ಗುಣದ್ದು. ಬಿತ್ತುವ ಎರಡು ಮೂರು ವಾರ ಮುಂಚೆ ಚದರ ಗಜಕ್ಕೆ ಒಂದು ಹಿಡಿಯಂತೆ ಕೃಷಿ ಸುಣ್ಣವನ್ನು ಬೆರೆಸಿ, ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಒಂದು ಗೇಣು ಆಳಕ್ಕೆ ಅಗೆದು ಸಡಿಲ ಮಾಡಿರಿ. ತಾಯಿಬೇರು ಆಳಕ್ಕೆ ಇಳಿಯುವ ಗಿಡವಾದ್ದರಿಂದ ಸಸಿ ಕಿತ್ತು ನೆಡುವುದಕ್ಕಿಂತ ಇದ್ದಲ್ಲೇ ಬೀಜ ಊರುವುದು ಉತ್ತಮ. ಒಂದೂವರೆ ಅಂಗುಲ ಆಳಕ್ಕೆ ಎರಡೆರಡು ಬೀಜ ಹಾಕಿ. ವಾರದೊಳಗೆ ಮೊಳೆಯುತ್ತವೆ. ನಾಲ್ಕೆಲೆಯಾದಾಗ ಗಟ್ಟಿಯಾದುದೊಂದನ್ನು ಉಳಿಸಿ ಇನ್ನೊಂದನ್ನು ಕಿತ್ತುಬಿಡಿ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರವಿರಲಿ. ಜಾಗವಿಲ್ಲದವರು ಕುಳ್ಳ ತಳಿಗಳನ್ನು ದೊಡ್ಡ ಕುಂಡದಲ್ಲಿ ಬೆಳೆಸಬಹುದು. ಎತ್ತರದ ಗಿಡಕ್ಕೆ ಬಿದಿರಿನ ಕೋಲೊಂದನ್ನು ನೆಟ್ಟು ಹುರಿಯಿಂದ ಸಡಿಲವಾಗಿ ಕಟ್ಟಿರಿ. ಮೊಗ್ಗು ಮೂಡುವಾಗ, ಹೂವು ಅರಳುವಾಗ, ಕಾಳು ತುಂಬುವಾಗ, ಈ ಮೂರು ಹೊತ್ತಿನಲ್ಲಿ ನೀರು ತಪ್ಪಿಸಬಾರದು.

ಇದು ಸೂರ್ಯನನ್ನು ಹಿಂಬಾಲಿಸುವ ಹೂವೆಂದು ಎಲ್ಲರೂ ಹೇಳುತ್ತಾರೆ. ಮಾತು ಅರ್ಧ ನಿಜ. ಹಿಂಬಾಲಿಸುವುದು ಬೆಳೆಯುವ ಗಿಡದ ತುದಿ ಮತ್ತು ಮೊಗ್ಗು. ಹಗಲು ಕಾಂಡದ ಪೂರ್ವದ ಮಗ್ಗುಲು ಹೆಚ್ಚು ಬೆಳೆದು ತಲೆ ಪಶ್ಚಿಮಕ್ಕೆ ವಾಲುತ್ತದೆ; ರಾತ್ರಿ ಪಶ್ಚಿಮದ ಮಗ್ಗುಲು ಬೆಳೆದು ಮತ್ತೆ ಪೂರ್ವಕ್ಕೆ ತಿರುಗುತ್ತದೆ. ಪೂರ್ತಿ ಅರಳಿದ ಹೂವು ಈ ಓಡಾಟ ನಿಲ್ಲಿಸಿ ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಇದೇಕೆ? ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕುಂಡದ ಗಿಡಗಳನ್ನು ಪಶ್ಚಿಮಕ್ಕೆ ತಿರುಗಿಸಿಟ್ಟು ಹೋಲಿಸಿದರು. ಪೂರ್ವಕ್ಕೆ ನೋಡುವ ಹೂವು ಬೆಳಗ್ಗೆ ಬೇಗ ಬೆಚ್ಚಗಾಗುತ್ತದೆ. ಅದಕ್ಕೆ ಐದು ಪಟ್ಟು ಹೆಚ್ಚು ಜೇನ್ನೊಣಗಳು ಬರುತ್ತವೆ ಎಂದು ಕಂಡುಬಂದಿತು.

ನಮ್ಮ ಜೊಳ್ಳು ಕಾಳಿನ ಗುಟ್ಟು ಇಲ್ಲಿದೆ. ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ನೂರಾರು ಕಿರುಹೂಗಳ ಸಂತೆ. ಅಂಚಿನ ಹಳದಿ ದಳಗಳು ಬರಿಯ ಆಹ್ವಾನ ಪತ್ರಿಕೆ. ಅವು ಕಾಳು ಕಟ್ಟುವುದಿಲ್ಲ. ನಡುವಣ ಕಿರುಹೂಗಳು ಅಂಚಿನಿಂದ ಒಳಕ್ಕೆ, ದಿನಕ್ಕಷ್ಟು ಸುತ್ತಿನಂತೆ ಅರಳುತ್ತವೆ. ಪ್ರತಿಯೊಂದು ಕಿರುಹೂವಿನಲ್ಲಿ ಮೊದಲು ಪರಾಗ ಉದುರುತ್ತದೆ, ಆಮೇಲೆ ಶಲಾಕೆ ತೆರೆಯುತ್ತದೆ. ಬೇರೆ ಹೂವಿನ ಪರಾಗ ತಂದುಕೊಡುವ ಬಂಧು ಬಾರದಿದ್ದರೆ ಬಹಳಷ್ಟು ಕಾಳು ಬರಿದಾಗಿ ಉಳಿಯುತ್ತದೆ. ತುಡುವೆ, ಹೆಜ್ಜೇನು, ಕೋಲುಜೇನುಗಳೇ ಆ ಬಂಧುಗಳು. ಆದುದರಿಂದ ಒಂಟಿ ಗಿಡ ಬೆಳೆಸದೆ ಐದಾರು ಗಿಡಗಳನ್ನು ಒಟ್ಟಿಗೆ ಬೆಳೆಸಿರಿ. ಹೂವು ಅರಳಿರುವಾಗ ಯಾವ ಕೀಟನಾಶಕವನ್ನೂ ಸಿಂಪಡಿಸಬೇಡಿ. ಜೇನು ಕಾಣದಿದ್ದರೆ ಬೆಳಗ್ಗೆ 8ರಿಂದ 11ರೊಳಗೆ, ದಿನ ಬಿಟ್ಟು ದಿನ, ಮೃದುವಾದ ಬಟ್ಟೆಯಿಂದ ಒಂದೊಂದೇ ಹೂವನ್ನು ಮೆಲ್ಲನೆ ಸವರುತ್ತಾ ಹೋಗಬಹುದು. ಮಕ್ಕಳು ಈ ಕೆಲಸವನ್ನು ಖುಷಿಯಿಂದ ಮಾಡುತ್ತಾರೆ. ದಳ ಬಿಚ್ಚುವ ಸಮಯಕ್ಕೆ ಲೀಟರಿಗೆ 2 ಗ್ರಾಂ ಬೋರಾಕ್ಸ್ ಕರಗಿಸಿದ ನೀರನ್ನು ಒಂದು ಸಲ ಸಿಂಪಡಿಸಿದರೆ ಕಾಳು ತುಂಬಲು ಸಹಾಯ, ಅಳತೆ ಮೀರಕೂಡದು.

ಇನ್ನೊಂದು ಎಚ್ಚರಿಕೆ. 1997ರಲ್ಲಿ ಬಾಗೇಪಲ್ಲಿಯ ಕಡೆ ಮೊದಲು ಕಂಡು, ಬಳಿಕ ರಾಜ್ಯದ ಸೂರ್ಯಕಾಂತಿ ಹೊಲಗಳನ್ನು ಕಂಗೆಡಿಸಿದ ನೆಕ್ರೋಸಿಸ್ ಎಂಬ ನಂಜು ರೋಗವುಂಟು. ಎಲೆ ಕಮರಿ, ತುದಿ ತಿರುಚಿ, ಗಿಡ ಕುಗ್ಗುತ್ತದೆ. ಥ್ರಿಪ್ಸ್ ಎಂಬ ನುಸಿಯಂಥ ಕೀಟ ಇದನ್ನು ಹರಡುತ್ತದೆ. ನಂಜಿಗೆ ಆಶ್ರಯ ಕೊಡುವುದು ಬೇಲಿಯ ಬದಿಯ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ತಾನು ಹಸುರಾಗಿದ್ದುಕೊಂಡೇ ಅದು ರೋಗವನ್ನು ಸಾಕುತ್ತದೆ. ಬಿತ್ತುವ ಮೊದಲೇ, ಅದು ಹೂವು ಬಿಡುವ ಮುಂಚೆ, ಕೈಗೆ ಚೀಲ ತೊಟ್ಟು ಸುತ್ತಲಿನ ಗಿಡಗಳನ್ನು ಕಿತ್ತುಹಾಕಿ. ರೋಗ ತಗಲಿದ ಸೂರ್ಯಕಾಂತಿಗೆ ಮದ್ದಿಲ್ಲ. ಕಿತ್ತು ಸುಡುವುದೊಂದೇ ದಾರಿ. ಪ್ರತಿವರ್ಷ ಒಂದೇ ಮಡಿಯಲ್ಲಿ ಬಿತ್ತದೆ ಜಾಗ ಬದಲಿಸಿರಿ.

ಹೂವಿನ ಬೆನ್ನು ನಿಂಬೆ ಬಣ್ಣಕ್ಕೆ ತಿರುಗಿದಾಗ ಕಾಳು ಬಲಿತಿತೆಂದು ತಿಳಿಯಿರಿ. ಅಷ್ಟರೊಳಗೆ ಗಿಳಿಗಳಿಗೆ ಸುದ್ದಿ ಮುಟ್ಟಿರುತ್ತದೆ. ಹಳೆಯ ಸೀರೆಯ ತುಂಡನ್ನು ತೆನೆಗೆ ಸಡಿಲವಾಗಿ ಕಟ್ಟಿದರೆ ನಿಮ್ಮ ಪಾಲು ನಿಮಗೆ ಉಳಿದೀತು. ಕೊಯ್ದು, ಬಿಸಿಲಿನಲ್ಲಿ ಒಣಗಿಸಿ, ಕೋಲಿನಿಂದ ಬಡಿಯಿರಿ. ಸಂಕರಣ ತಳಿಯ ಕಾಳನ್ನು ಮರುವರ್ಷ ಬಿತ್ತಿದರೆ ಗಿಡಗಳು ಒಂದೇ ಸಮನಾಗಿ ಬರುವುದಿಲ್ಲ. ಬೀಜ ಕೂಡಿಡುವ ಆಸೆಯಿದ್ದವರು ಸಂಕರಣವಲ್ಲದ ತಳಿಯನ್ನೇ ಕೇಳಿ ತರಬೇಕು. ಆಯನೂರಿನ ದಾರಿಯಲ್ಲೇ ಮುಂದೆ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯವಿದೆ. ಸಂದೇಹ ಬಂದಾಗ ವಿಚಾರಿಸಲು ಸಂಕೋಚ ಬೇಡ.

ಐದಾರು ಗಿಡಗಳಿಂದ ಮನೆಯ ಎಣ್ಣೆಯ ಡಬ್ಬಿ ತುಂಬುವುದಿಲ್ಲ, ನಿಜ. ದೇಶಕ್ಕೆ ಬೇಕಾದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಇಂದಿಗೂ ಹೊರಗಿನಿಂದಲೇ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹೊತ್ತಿಕೊಂಡಾಗ ನಮ್ಮ ಅಡುಗೆಮನೆಗೂ ಅದರ ಬಿಸಿ ತಟ್ಟಿತು. ಒಂದು ಹನಿ ಎಣ್ಣೆಯ ಹಿಂದೆ ಎಷ್ಟು ಬಿಸಿಲು, ಎಷ್ಟು ನೀರು, ಎಷ್ಟು ಜೇನಿನ ದುಡಿಮೆ ಇದೆಯೆಂಬುದನ್ನು ಅಂಗಳದ ಈ ಗಿಡ ಮನೆಮಂದಿಗೆಲ್ಲ ತೋರಿಸಿಕೊಡುತ್ತದೆ. ತುಂಬಿದ ಕಾಳೊಂದನ್ನು ಮಗುವಿನ ಅಂಗೈಯಲ್ಲಿಟ್ಟರೆ, ಪಟ್ಟ ಶ್ರಮಕ್ಕೆ ಅಷ್ಟು ಸಾಕು.