ದಾದಿಯರ ಶಿಕ್ಷಣದಲ್ಲಿ ಬೊಂಬೆ



ಬೊಂಬೆಯಾಟವು ಬರಿಯ ಕಾಲಹರಣವೆಂದು ಬಗೆಯಬೇಡಿರಿ. ಅಮೆರಿಕದ ಬೊಂಬೆ ತಯಾರಕಿ ಮಾರ್ಥಾ ಚೇಸ್ ಅವರು 1911ರಲ್ಲಿ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗೆ ಆಳೆತ್ತರದ ಬೊಂಬೆಯನ್ನು ಮಾಡಿಕೊಟ್ಟರು. ನಾರ್ವೆಯ ಆಟಿಕೆ ತಯಾರಕ ಲೇರ್ಡಾಲ್ ಅವರು 1960ರಲ್ಲಿ, ನಿಂತ ಉಸಿರನ್ನು ಮರಳಿಸುವ ವಿಧಾನವನ್ನು ಕಲಿಸುವ ಬೊಂಬೆಯನ್ನು ಹೊರತಂದರು. ಇಂದು ಗಣಕಯಂತ್ರಕ್ಕೆ ಜೋಡಿಸಿದ ಬೊಂಬೆಗಳಲ್ಲಿ ನಾಡಿಯೂ ಮಿಡಿಯುತ್ತದೆ. ಕಲಿಯುವ ಕೈ ಮೊದಲು ತಪ್ಪುವುದು ಸಹಜ. ಆ ತಪ್ಪು ಬೊಂಬೆಯಲ್ಲಿಯೇ ತೀರಲಿ, ರೋಗಿಯನ್ನು ಮುಟ್ಟದಿರಲಿ.

ಆದರೆ ಬೊಂಬೆಗೆ ಭಯವಿಲ್ಲ. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ರೋಗಿಗಳು ತಮ್ಮ ನೋವನ್ನು ಕನ್ನಡ, ತೆಲುಗು, ಉರ್ದುಗಳಲ್ಲಿ ತೋಡಿಕೊಳ್ಳುವರು. ಆದುದರಿಂದ ವಿದ್ಯಾರ್ಥಿನಿಯರು ಒಬ್ಬಳು ರೋಗಿಯಾಗಿ, ಇನ್ನೊಬ್ಬಳು ದಾದಿಯಾಗಿ ಈ ಭಾಷೆಗಳಲ್ಲಿ ಸಂಭಾಷಣೆಯ ಆಟವನ್ನೂ ಆಡಬೇಕು. ತಾಯ್ತಂದೆಗಳೇ, ದಾದಿಯಾಗಬಯಸುವ ಮಗಳನ್ನು ತಡೆಯಬೇಡಿರಿ. ಕನ್ನಡ ಶಾಲೆಯಲ್ಲಿ ಓದಿದವಳೆಂಬುದು ಅವಳಿಗೆ ಕುಂದಲ್ಲ. ಹಾಸಿಗೆ ಹಿಡಿದವರಿಗೆ ಅವಳ ನುಡಿಯೇ ಮೊದಲ ಮದ್ದು.