ಊಟದ ಮೇಜಿನೊಳಗಿನ ಕಾಡು



ಇಂಗ್ಲೆಂಡಿನ ಹಳೆಯ ಸಿರಿವಂತರ ಮನೆಗಳಲ್ಲಿ 18ನೆಯ ಶತಮಾನದ ಊಟದ ಮೇಜುಗಳು ಇಂದಿಗೂ ಉಳಿದಿವೆ. ಕೆಂಗಂದು ಬಣ್ಣದ ನುಣುಪಾದ ಅಗಲ ಹಲಗೆ; ಬಾಗಿದ ಕಾಲುಗಳ ತುದಿಯಲ್ಲಿ ಚೆಂಡನ್ನು ಹಿಡಿದ ಪಂಜದ ಕೆತ್ತನೆ. ನೋಡಿದವರು ಬಡಗಿಯ ಕೈಚಳಕವನ್ನು ಹೊಗಳುತ್ತಾರೆ. ಆ ಹೊಗಳಿಕೆ ಅವನಿಗೆ ಸಲ್ಲತಕ್ಕದ್ದೇ. ಆದರೆ ಆ ಮರ ಬೆಳೆದದ್ದೆಲ್ಲಿ, ಕಡಿದವರಾರು ಎಂದು ಕೇಳುವವರು ವಿರಳ.

ಮರದ ಹೆಸರು ಮಹಾಗನಿ. ಹುಟ್ಟಿದ್ದು ಕೆರಿಬಿಯನ್ ದ್ವೀಪಗಳಲ್ಲಿ. 1721ರಲ್ಲಿ ಬ್ರಿಟನ್ ತನ್ನ ಅಮೆರಿಕದ ವಸಾಹತುಗಳಿಂದ ಬರುವ ಮರದ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಜಮೈಕಾದ ಮಹಾಗನಿ ಹಡಗು ಹಡಗಾಗಿ ಲಂಡನ್ ಸೇರಿತು. ಕಡಿದವರು ಆಫ್ರಿಕಾದಿಂದ ಸೆರೆಹಿಡಿದು ತಂದ ಗುಲಾಮರು. ಶತಮಾನ ಮುಗಿಯುವಷ್ಟರಲ್ಲಿ ಅಲ್ಲಿ ಸುಲಭವಾಗಿ ಕೈಗೆಟುಕುವ ಮರಗಳು ಬರಿದಾದವು. ಕೊಡಲಿ ಮಧ್ಯ ಅಮೆರಿಕದ ಇಂದಿನ ಬೆಲೀಜಿನತ್ತ ಸಾಗಿತು. ಮಹಾಗನಿ ತೋಪಾಗಿ ಬೆಳೆಯುವ ಮರವಲ್ಲ, ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು. ಎತ್ತರದ ಮರವೇರಿ, ಎಲೆಯ ಬಣ್ಣದಿಂದ ಅದನ್ನು ಗುರುತಿಸುತ್ತಿದ್ದರು. ಬಳಿಕ ಕಾಡು ಸೀಳಿ ದಾರಿ ಮಾಡಿ, ಎತ್ತುಗಳಿಂದ ದಿಮ್ಮಿಯನ್ನು ಹೊಳೆಗೆ ಎಳೆಸುತ್ತಿದ್ದರು.

ಆ ದ್ವೀಪಗಳ ಮಹಾಗನಿಯ ವ್ಯಾಪಾರ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದದ್ದು 1992ರಲ್ಲಿ. ಸುಂಕ ತೆಗೆದ ವರ್ಷಕ್ಕೂ ಈ ಕಡಿವಾಣಕ್ಕೂ ನಡುವೆ 271 ವರ್ಷಗಳ ಅಂತರ.

ಇದು ದೂರದ ದ್ವೀಪದ ಕಥೆಯೆಂದು ಮಲೆನಾಡು ಸುಮ್ಮನಿರಲಾಗದು. ಪಶ್ಚಿಮ ಘಟ್ಟದ ಬೀಟೆಯೂ ಹೀಗೆಯೇ ಮೇಜು, ಮಂಚ, ಕಪಾಟುಗಳಾಗಿ ಹೊರಟುಹೋದ ಮರ. ಅದರ ಚೇಗು ಬಲಿಯಲು ತಲೆಮಾರುಗಳೇ ಬೇಕು. 2017ರಲ್ಲಿ ಬೀಟೆಯ ಇಡೀ ಕುಲವೇ ಅದೇ ಒಪ್ಪಂದದ ವ್ಯಾಪ್ತಿಗೆ ಸೇರಿತು.

ಆದುದರಿಂದ ಅಜ್ಜನ ಕಾಲದ ಮೇಜು ಅಟ್ಟ ಸೇರಿದ್ದರೆ ಕೆಳಗಿಳಿಸಿರಿ. ಮುರಿದ ಕಾಲನ್ನು ಬಡಗಿಯಿಂದ ಸರಿಪಡಿಸಿಕೊಳ್ಳಿರಿ. ಅದು ಇನ್ನೂ ನೂರು ವರ್ಷ ಬಾಳಿದರೆ ಅಷ್ಟರಮಟ್ಟಿಗೆ ಒಂದು ಮರ ಕಾಡಿನಲ್ಲಿ ಉಳಿದೀತು. ಹೊಸದನ್ನು ಕೊಳ್ಳುವವರು ಬೆಲೆಗಿಂತ ಮೊದಲು ಮರದ ಊರನ್ನು ಕೇಳಲಿ, ರಹದಾರಿಯನ್ನು ತೋರಿಸಲು ಹೇಳಲಿ. ಬೀಟೆ ಬೇರಿನಿಂದಲೂ ಚಿಗುರುವ ಮರ. ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ ತಾನಾಗಿ ಎದ್ದ ಸಸಿಯನ್ನು ಈ ಮಳೆಗಾಲದಲ್ಲಿ ಕಳೆಯೊಡನೆ ಸವರದೆ ಬಿಡಿರಿ. ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಉಳಿದಿರುವ ಬೀಟೆ ಮರಗಳನ್ನು ಎಣಿಸಿ, ಲೆಕ್ಕ ಬರೆದಿಡಲಿ.